ಒಂದೇ ಬಾಗಿಲಿಗೆ ಎರಡು ದಿಬ್ಬಣ

ಕೀಲಿ ಒಳಗೆ ಹೋಯಿತು. ತಿರುಗಲಿಲ್ಲ.

ಹಿಶಾಮ್ ಅದನ್ನು ಹೊರಗೆಳೆದ. ಅಂಗಿಯ ಅಂಚಿಗೆ ಒರೆಸಿದ. ಮತ್ತೆ ಹಾಕಿದ. ಬಾಗಿಲಿಗೆ ಭುಜ ಕೊಟ್ಟು ಒತ್ತಿದ. ಬೀಗ ಜಪ್ಪಯ್ಯ ಎನ್ನಲಿಲ್ಲ.

"ಬಿಸ್ಮಿಲ್ಲಾ ಹೇಳಿ ಹಾಕೋ," ಎಂದಳು ಮದುಮಗಳ ಚಿಕ್ಕಮ್ಮ ಇನ್ಶಿರಾಹ್. ಅವಳ ಕೈಯಲ್ಲಿ ಅಕ್ಕಿ, ಉಪ್ಪು, ಸಕ್ಕರೆ ತುಂಬಿದ ತಟ್ಟೆ. ಹೊಸ ಮನೆಗೆ ಮೊದಲು ಒಳಹೋಗಬೇಕಾದದ್ದು ಅದೇ.

"ಹೇಳಿದೆ ಚಿಕ್ಕಮ್ಮ. ಆಗಲಿಂದ ಅದನ್ನೇ ಹೇಳ್ತಿದೀನಿ."

ಮೆಟ್ಟಿಲ ತಿರುವಿನಲ್ಲಿ ಇಬ್ಬರು ಹಮಾಲರು ಬಟ್ಟೆ ಒಗೆಯುವ ಯಂತ್ರ ಹೊತ್ತು ನಿಂತಿದ್ದರು. "ಬೇಗ ಮಾಡಪ್ಪಾ ಮದುಮಗನೇ," ಎಂದ ಒಬ್ಬ. "ಈ ಸೊಂಟ ನನಗೆ ನಾಳೆಗೂ ಬೇಕು."

ಯಾರೋ ನಕ್ಕರು. ಕೆಳಗೆ ಬೀದಿಯಲ್ಲಿ ಹಾರ್ನುಗಳು ಇನ್ನೂ ಮೊಳಗುತ್ತಿದ್ದವು. ಮೂರು ಪಿಕಪ್ ಗಾಡಿಗಳ ತುಂಬ ಮದುಮಗಳ ಸಾಮಾನು. ಕೆಂಪು ರಿಬ್ಬನ್ ಕಟ್ಟಿದ ಫ್ರಿಜ್ಜು, ಬೆಟ್ಟದಂತೆ ಪೇರಿಸಿದ ಕಂಬಳಿಗಳು, ಫಳಫಳ ಹೊಳೆಯುವ ಪಾತ್ರೆಗಳು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕುತ್ತಿದ್ದರು. ಅಲೆಕ್ಸಾಂಡ್ರಿಯಾದ ಮಂದರಾ ಬಡಾವಣೆಯ ಆ ಬೀದಿಯ ಬಾಲ್ಕನಿಗಳೆಲ್ಲ ತುಂಬಿದ್ದವು. ಶುಕ್ರವಾರ ಬೆಳಿಗ್ಗೆ ಅದಕ್ಕಿಂತ ಒಳ್ಳೆಯ ತಮಾಷೆ ಇನ್ನೇನಿದೆ?

ರಬಾಬ್ ಎರಡು ಮೆಟ್ಟಿಲು ಕೆಳಗೆ ನಿಂತಿದ್ದಳು. ಮದುಮಗಳು ಸಾಮಾನಿನ ಜೊತೆ ಬರಬಾರದು ಎಂದು ಚಿಕ್ಕಮ್ಮ ಬೈದಿದ್ದಳು. ಆದರೂ ಬಂದಿದ್ದಳು. ಈ ಮನೆಯನ್ನು ಅವಳು ಫೋನಿಗೆ ಬಂದ ವಿಡಿಯೋದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಬರುವ ಗುರುವಾರ ಮದುವೆ. ನಿಶ್ಚಿತಾರ್ಥದ ದಿನ ಅಪ್ಪ ಒಂದೇ ಮಾತು ಹೇಳಿದ್ದರು: ಮನೆ ಇದ್ದರೆ ಮದುವೆ. ಅಂದಿನಿಂದ ಹಿಶಾಮ್ ಊರಿನ ಫ್ರಿಜ್ಜುಗಳನ್ನೆಲ್ಲ ರಿಪೇರಿ ಮಾಡಿ ಕೂಡಿಟ್ಟಿದ್ದ. ಸಾಲದ್ದಕ್ಕೆ ಅವನ ತಾಯಿ ಕೈಬಳೆ ಮಾರಿದ್ದರು. ಆ ಹಣವೆಲ್ಲ ಈ ಬಾಗಿಲಿನ ಮುಂಗಡವಾಗಿ ಹೋಗಿತ್ತು.

"ಯಾರ್ರೀ ಅದು? ಯಾರ ಮನೆಗೆ ಸಾಮಾನು?"

ಕಟ್ಟಡದ ಕಾವಲುಗಾರ ಮಹ್ರೂಸ್ ಏದುಸಿರು ಬಿಡುತ್ತ ಮೇಲೆ ಬಂದ.

"ನಮ್ಮ ಮನೆಗೆ," ಎಂದ ಹಿಶಾಮ್. "ಇಂಜಿನಿಯರ್ ಶೆರೀಫ್ ಅವರಿಂದ ಕೊಂಡಿದೀವಿ. ಕುವೈತಿನಲ್ಲಿದಾರಲ್ಲ, ಅವರು. ಕೀಲಿ ಅವರೇ ಕಳಿಸಿದ್ದು."

"ಯಾವ ಶೆರೀಫ್? ಇದು ಮದಾಮ್ ಸುಹೈರ್ ಮನೆ. ಕೈರೋದಲ್ಲಿದಾರೆ. ಬೇಸಿಗೆಗೆ ಬಾಡಿಗೆ ಕೊಡ್ತಾರೆ. ಮಾರೋ ಮಾತು ಯಾವತ್ತೂ ಆಡಿಲ್ಲ. ನಿನ್ನೆ ತಾನೇ ಫೋನ್ ಮಾಡಿ ಗಿಡಕ್ಕೆ ನೀರು ಹಾಕಿದ್ಯಾ ಅಂದ್ರು!"

ಹರ್ಷದ ಕೂಗು ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲಾಗಿ ನಿಂತುಹೋಯಿತು. ಹಮಾಲರು ಯಂತ್ರವನ್ನು ಕೆಳಗಿಟ್ಟರು.

ಆಗಲೇ ಬೀದಿಯಲ್ಲಿ ಇನ್ನೊಂದು ಹಾರ್ನು ಕೇಳಿತು.

* * *

ಎಲ್ಲರೂ ಕೆಳಗಿಳಿದು ನೋಡಿದರು. ನಾಲ್ಕನೆಯ ಗಾಡಿ ಅವರದಲ್ಲ. ಹಳೆಯ ಪಿಕಪ್. ಹಿಂದೆ ದೃಷ್ಟಿ ತಾಗದಿರಲೆಂದು ನೇತುಹಾಕಿದ ಮಗುವಿನ ಬೂಟು. ಗಾಡಿಯ ಮುಂಭಾಗದ ಚಾವಣಿಯ ಮೇಲೆ ಬಟ್ಟೆ ಸುತ್ತಿದ ಧ್ವನಿವರ್ಧಕ. ಸಾಮಾನಿನ ಮೇಲೆ ಟಾರ್ಪಾಲು ಹೊದಿಸಿ, ಹಗ್ಗದಿಂದ ಬಿಗಿದು ಕಟ್ಟಿತ್ತು.

ಬಿಳಿ ಅಂಗಿಯ ಯುವಕನೊಬ್ಬ ಇಳಿದ. "ನಾಲ್ಕನೇ ಮಹಡಿ ಇದೇ ಅಲ್ವಾ? ನನ್ನ ಮನೆ ಮುಂದೆ ಇಷ್ಟೊಂದು ಗಾಡಿ ಯಾಕೆ?"

ಅವನ ಹೆಸರು ವಾಇಲ್. ಅವನೂ ಇಂಜಿನಿಯರ್ ಶೆರೀಫನಿಂದ ಅದೇ ಮನೆ ಕೊಂಡಿದ್ದ. ಅವನದೂ ಮದುವೆ. ಸುದ್ದಿ ಕೇಳಿ ಮೆಟ್ಟಿಲ ಮೇಲೆ ಕುಸಿದು ಕೂತ. ಚಿಕ್ಕಮ್ಮ ಅಕ್ಕಿಯ ತಟ್ಟೆ ಬದಿಗಿಟ್ಟು ನೀರು ಕೊಟ್ಟಳು.

"ನಿನ್ನ ಹೆಂಗಸರೆಲ್ಲಿ ಮಗನೇ?"

"ಮನೇಲಿದಾರೆ ಅಮ್ಮಾ. ಇಳಿಸಿದ ಮೇಲೆ ಕರೆಸೋಣ ಅಂತಿದ್ದೆ."

"ಟಾರ್ಪಾಲು ಯಾಕಪ್ಪಾ?"

"ಜನರ ಕಣ್ಣು ಸರಿಯಿಲ್ಲ ಅಮ್ಮಾ."

"ನಿಜ ಕಣಪ್ಪಾ. ನಮ್ಮನ್ನ ನೋಡು, ತೆರೆದು ತಂದ್ವಿ. ಬಿತ್ತಲ್ಲ ಕಣ್ಣು!"

ವಾಇಲ್ ಅವರ ಜೊತೆ ಮೇಲೆ ಬಂದು ಬಾಗಿಲು ನೋಡಿದ. ಹಿಶಾಮನ ಕೈಯಲ್ಲಿದ್ದ ಕೀಲಿ ನೋಡಿದ. "ನನಗೂ ಇಂಥದ್ದೇ ಕಳಿಸಿದ್ದ ಪಾಪಿ," ಎಂದು ತಲೆ ಚಚ್ಚಿಕೊಂಡ. ಆಮೇಲೆ ಅವನ ಕಣ್ಣು ಕಾವಲುಗಾರನ ಮೇಲೆ ಬಿತ್ತು. "ಒಳಗಿನ ವಿಡಿಯೋ ಹೇಗೆ ಬಂತು ಅವನಿಗೆ? ಬಾಗಿಲು ತೆಗೆದುಕೊಟ್ಟವರು ಯಾರು?"

ಅಷ್ಟು ಸಾಕಾಯಿತು. ರಬಾಬಳ ಅಪ್ಪ ಮಹ್ರೂಸನ ಗಲ್ಲಬಿಯ್ಯಾ ನಿಲುವಂಗಿಯ ಕುತ್ತಿಗೆಪಟ್ಟಿ ಹಿಡಿದರು. "ಹೇಳೋ, ನಿನ್ನ ಪಾಲೆಷ್ಟು?"

"ದೇವರಾಣೆ, ನನಗೇನೂ ಗೊತ್ತಿಲ್ಲ! ಮುಂಚೆ ಬಂದು ಒಂದು ಮಾತು ಕೇಳಬಾರದಿತ್ತಾ ನೀವು?"

ಹಿಶಾಮ್ ನೆಲ ನೋಡಿದ. ಅವನು ಬಂದಿದ್ದ. ಎದುರಿನ ಕಾಲುದಾರಿಯಲ್ಲಿ ನಿಂತು ಬಾಲ್ಕನಿ ನೋಡಿ ಹೋಗಿದ್ದ. ಕಾವಲುಗಾರನನ್ನು ಮಾತ್ರ ಕೇಳಿರಲಿಲ್ಲ. ಬೇಡ ಎಂದಿದ್ದವನು ಇಂಜಿನಿಯರ್ ಶೆರೀಫನೇ. ಆ ಕಾವಲುಗಾರ ದೊಡ್ಡ ದಲ್ಲಾಳಿ, ಮೂಗು ತೂರಿಸಿದರೆ ಅವನಿಗೂ ಪಾಲು ಕೊಡಬೇಕಾಗುತ್ತದೆ ಎಂದಿದ್ದ. ಈ ಊರಿನಲ್ಲಿ ಆ ಮಾತನ್ನು ನಂಬದವರು ಯಾರು?

"ಪೊಲೀಸಿಗೆ ಹೋಗೋಣ," ಎಂದ ಹಿಶಾಮ್.

ವಾಇಲ್ ಅವನ ತೋಳು ಹಿಡಿದ. "ಅಣ್ಣಾ, ಆತುರ ಬೇಡ. ಪೊಲೀಸು ಅಂದ ಕೂಡಲೇ ಅವನು ಕುವೈತಿನಲ್ಲೇ ಮಾಯ ಆಗ್ತಾನೆ. ನನ್ನ ಅತ್ತೆ ಮಗ ವಕೀಲ. ಇಂಥ ಕೇಸಲ್ಲಿ ಹಣ ವಾಪಸ್ ತರಿಸಿದಾನೆ. ಮೋಸ ಹೋದವರೆಲ್ಲ ಒಂದು ಗುಂಪು ಮಾಡೋಣ."

ಎಲ್ಲರೂ ಕೂಗಾಡುತ್ತಿದ್ದರು. ರಬಾಬ್ ಸುಮ್ಮನೆ ನೋಡುತ್ತಿದ್ದಳು. ಏನೋ ಒಂದು ಸರಿಯಿರಲಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಂತೆ. ಹಲ್ಲಿಗೆ ತಾಗಿತ್ತು, ಕೈಗೆ ಸಿಗಲಿಲ್ಲ.

* * *

ಸಾಮಾನು ಹೋದ ದಾರಿಯಲ್ಲೇ ವಾಪಸು ಬಂತು. ಹಾರ್ನಿಲ್ಲ, ಕೂಗಿಲ್ಲ. ಅಪ್ಪನ ಮನೆಯ ಎರಡು ಕೋಣೆಗಳಲ್ಲಿ ಅದನ್ನು ತುರುಕಿದ ಮೇಲೆ ಕೂರಲು ಜಾಗ ಉಳಿಯಲಿಲ್ಲ. ಅಪ್ಪ ಫ್ರಿಜ್ಜಿಗೆ ಒರಗಿ ನಿಂತೇ ಚಹಾ ಕುಡಿದರು.

"ಮುಂಗಡ ಕಳಿಸಿದ್ದು ಹಿಶಾಮನ ಫೋನಿಂದ," ಎಂದರು. "ಆ ಕಡೆ ತಗೊಂಡವನು ಯಾರು? ಯಾರಿಗೆ ಗೊತ್ತು! ಇವನೇ ಯಾಕಾಗಿರಬಾರದು?"

"ಅಪ್ಪಾ!"

"ನೀನು ಸುಮ್ನಿರು. ಗುರುವಾರದ ಹಾಲ್ ರದ್ದು ಮಾಡಿ ಅಂತ ಹೇಳಿಬಿಡ್ತೀನಿ."

"ಮಾಡೋ ಭಾವಾ, ಮಾಡು," ಎಂದಳು ಚಿಕ್ಕಮ್ಮ. "ಮಗಳನ್ನ ಈ ಫ್ರಿಜ್ಜಿಗೇ ಕೊಟ್ಟು ಮದುವೆ ಮಾಡು. ಅದೂ ನಿನ್ನ ಹಾಗೇ ತಣ್ಣಗಿರುತ್ತೆ."

ಅಪ್ಪನ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ವಾಇಲ್ ಮಾಡಿದ ಗುಂಪಿಗೆ ಇನ್ನೂ ಕೆಲವರು ಸೇರಿದ್ದರು. ತಂತಾದಿಂದ ಒಬ್ಬ ವಿಧವೆ, ದಮನ್ಹೂರಿನಿಂದ ಒಬ್ಬ ಮೇಷ್ಟ್ರು. ಎಲ್ಲರೂ ಅದೇ ಮನೆ ಕೊಂಡವರು. ವಕೀಲರ ಖರ್ಚಿಗೆ ಎಲ್ಲರೂ ಸಂಜೆಯೊಳಗೆ ಹಣ ಕಳಿಸಬೇಕು, ಯಾರೂ ಪೊಲೀಸಿಗೆ ಹೋಗಿ ಕೆಲಸ ಕೆಡಿಸಬೇಡಿ ಎಂದು ವಾಇಲ್ ಕೈಮುಗಿದು ಬರೆದಿದ್ದ. ಅಪ್ಪ ಕಪಾಟಿನ ಬೀಗ ತೆಗೆದರು. ಅಲ್ಲಿದ್ದದ್ದು ಮದುವೆ ಊಟದ ಹಣ.

ಮತ್ತೆ ಮುಂಗಡ, ಮತ್ತೆ ಆತುರ, ಮತ್ತೆ ಯಾರನ್ನೂ ಕೇಳಬೇಡಿ. ರಬಾಬ್ ಅಡುಗೆಮನೆಯಲ್ಲಿ ಚಿಕ್ಕಮ್ಮನ ತೋಳು ಜಗ್ಗಿದಳು.

"ನನ್ನ ಜೊತೆ ಠಾಣೆಗೆ ಬರ್ತೀಯಾ? ಈಗಲೇ."

"ನಿಮ್ಮಪ್ಪ ಕೊಲ್ತಾನೆ."

"ಅದಕ್ಕೇ ಈಗಲೇ."

* * *

ಇನ್ಸ್‌ಪೆಕ್ಟರ್ ಸಫ್ವತರ ಕೋಣೆ ಕಟ್ಟಡದ ಒಳಹೊಟ್ಟೆಯಲ್ಲಿತ್ತು. ಕಿಟಕಿ ಇಲ್ಲ. ಅವರು ಎಳ್ಳಿನ ರೊಟ್ಟಿ ಮುರಿಯುತ್ತ ಕೇಳಿದರು.

"ಮನೆ ಪತ್ರ ನೋಡಿದ್ರಾ?"

"ಫೋಟೋ ಕಳಿಸಿದ್ದ ಪಾಷಾ," ಎಂದಳು ಚಿಕ್ಕಮ್ಮ, ಸಾಹೇಬರಿಗೆ ಕೊಡುವ ಮರ್ಯಾದೆಯಿಂದ.

"ನೋಂದಣಿ ಕಚೇರಿಯಲ್ಲಿ ವಿಚಾರಿಸಿದ್ರಾ? ಕರೆಂಟ್ ಬಿಲ್ಲು ಯಾರ ಹೆಸರಲ್ಲಿದೆ? ಅವನ ಮುಖವನ್ನಾದರೂ ನೋಡಿದ್ರಾ?"

"ಕ್ಯಾಮೆರಾ ಕೆಟ್ಟಿದೆ ಅಂದ."

"ಎಲ್ಲರ ಕ್ಯಾಮೆರಾನೂ ಕೆಟ್ಟಿರುತ್ತೆ. ಬೆಲೆ ಪೇಟೆಗಿಂತ ಕಡಿಮೆ ಇತ್ತಾ? ಇನ್ನೊಬ್ಬರು ಕೇಳ್ತಿದಾರೆ, ಇವತ್ತೇ ಮುಂಗಡ ಕಳಿಸಿ ಅಂದನಾ?"

"ನಿಮಗೆ ಹೇಗೆ ಗೊತ್ತು ಪಾಷಾ?"

"ಈ ಕುರ್ಚಿ ಮೇಲೆ ಕೂತು ಅತ್ತವರಲ್ಲಿ ನೀವೇ ಮೊದಲಿನವರಲ್ಲಮ್ಮಾ." ಅವರು ಕೈ ಒರೆಸಿಕೊಂಡರು. "ದನಿ ಸಂದೇಶ ಇದ್ರೆ ಹಾಕಿ."

ರಬಾಬ್ ಫೋನು ಮೇಜಿನ ಮೇಲಿಟ್ಟಳು. ಶೆರೀಫನ ಗಂಭೀರ ದನಿ ಕೋಣೆ ತುಂಬಿತು. "ಮಬ್ರೂಕ್ ತಂಗೀ, ಶುಭವಾಗಲಿ. ಶುಕ್ರವಾರ ಸಾಮಾನು ತರ್ತೀರಾ? ಬಹಳ ಸಂತೋಷ. ನಿಮ್ಮ ಕಾಲು ಆ ಮನೆಗೆ ಬರಕತ್ತು ತರಲಿ..."

ಈ ಮಾತು ಅವಳಿಗೆ ಬಾಯಿಪಾಠ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಅದೆಷ್ಟೋ ಸಲ ಕೇಳಿದ್ದಳು. ಆ ದನಿಯ ಹಿಂದೆ ಗುಜರಿ ಗಾಡಿಯವನ ಕೂಗು. "ಬೀಕ್ಯಾ! ಬೀಕ್ಯಾ!" ಹಳೇ ಕಬ್ಬಿಣ, ಹಳೇ ಮಂಚ, ಹಳೇ ಫ್ರಿಜ್ಜು ಕೊಳ್ಳುವವನು. ನಡುವೆ ಒಂದು ಕೋಳಿಯ ಕೂಗು.

ರಬಾಬ್ ತಲೆಯೆತ್ತಿದಳು.

ಇಲ್ಲಿ ಬೀದಿ ಇಲ್ಲ. ಬಾಲ್ಕನಿ ಇಲ್ಲ. ಕಿಟಕಿಯೇ ಇಲ್ಲ.

"ಇನ್ನೊಂದು ಸಲ ಕೇಳಿ," ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಈ ಕೂಗು ನಮ್ಮ ಬೀದಿಯದು ಅಂದ್ಕೊಂಡಿದ್ದೆ. ಕೆಳಗೆ ಗಾಡಿ ಹೋಗ್ತಿದೆ ಅಂತ. ಅದು ಫೋನಿನ ಒಳಗಿದೆ."

ಇನ್ಸ್‌ಪೆಕ್ಟರ್ ಮತ್ತೆ ಕೇಳಿದರು. ರೊಟ್ಟಿ ಕೈಯಲ್ಲೇ ಉಳಿಯಿತು. "ಕುವೈತಿನಲ್ಲೂ ನಮ್ಮವರು ಇದಾರಲ್ಲಮ್ಮಾ."

"ಇದಾರೆ ಪಾಷಾ," ಎಂದಳು ಚಿಕ್ಕಮ್ಮ. "ಗುಜರಿ ಕೂಗೋಕೆ ಯಾರೂ ವಿಮಾನ ಹತ್ತಿ ಹೋಗಲ್ಲ."

ರಬಾಬ್ ಇನ್ನೊಂದು ಸಂದೇಶ ಹಾಕಿದಳು. ಆಮೇಲೆ ಮತ್ತೊಂದು. ಬೇರೆ ಬೇರೆ ದಿನಗಳವು. ಎಲ್ಲದರಲ್ಲೂ ಅದೇ ಕೂಗು, ಅದೇ ಜಾಗದಲ್ಲಿ ಅದೇ ಕೋಳಿ.

"ಮನುಷ್ಯ ಕೂಗ್ತಿಲ್ಲ," ಎಂದರು ಇನ್ಸ್‌ಪೆಕ್ಟರ್ ನಿಧಾನವಾಗಿ. "ಮುದ್ರಿಸಿಟ್ಟ ದನಿ. ಒಂದೇ ಗಾಡಿ. ಶೆರೀಫ್ ಅದರ ಪಕ್ಕದಲ್ಲೇ ಕೂತು ಮಾತಾಡ್ತಾನೆ. ಆದರೆ ಈ ಊರಲ್ಲಿ ಗುಜರಿ ಗಾಡಿಗಳಿಗೇನು ಬರವೇ?"

ರಬಾಬಳ ಕಣ್ಣ ಮುಂದೆ ಬಟ್ಟೆ ಸುತ್ತಿದ ಧ್ವನಿವರ್ಧಕ ತೂಗಿತು. ಹಲ್ಲಿಗೆ ತಾಗಿದ್ದ ಕಲ್ಲು ಕೈಗೆ ಸಿಕ್ಕಿತು.

"ಒಂದು ಗಾಡಿ ನಾನು ನೋಡಿದೀನಿ," ಎಂದಳು.

ಅಪ್ಪನಿಗೆ ಫೋನು ಮಾಡಿದವರು ಇನ್ಸ್‌ಪೆಕ್ಟರೇ. "ಹಣ ಕಳಿಸಬೇಡಿ. ಕಳಿಸಲ್ಲ ಅನ್ನೋದನ್ನ ಗುಂಪಿನಲ್ಲೂ ಹೇಳಬೇಡಿ. ಬ್ಯಾಂಕಿನ ತೊಂದರೆ, ನಾಳೆ ಕಳಿಸ್ತೀನಿ ಅನ್ನಿ."

* * *

ಮರುದಿನ ಇನ್ಸ್‌ಪೆಕ್ಟರ್ ಜೊತೆ ಹಿಶಾಮ್, ರಬಾಬ್, ಚಿಕ್ಕಮ್ಮ ಬಂದಾಗ ಮಹ್ರೂಸ್ ಮೊದಲು ಮುಖ ತಿರುಗಿಸಿದ. ಅವನ ಕುತ್ತಿಗೆಯ ಮೇಲೆ ಅಪ್ಪನ ಉಗುರಿನ ಗೀರು ಇನ್ನೂ ಕೆಂಪಾಗಿತ್ತು.

"ಕಳ್ಳನ ಹತ್ರ ಯಾಕೆ ಬಂದ್ರಿ?"

ಹಿಶಾಮ್ ಬಗ್ಗಿ ಮುದುಕನ ಹಣೆಗೆ ಮುತ್ತಿಟ್ಟ. "ತಪ್ಪಾಯ್ತು ಕಾಕಾ. ನಮ್ಮ ತಲೆ ಕೆಟ್ಟಿತ್ತು."

ಮಹ್ರೂಸ್ ಇನ್ಸ್‌ಪೆಕ್ಟರರನ್ನು ನೋಡಿದ, ತನ್ನ ಚಪ್ಪಲಿ ನೋಡಿದ. ಕೊನೆಗೆ ಬಾಯಿಬಿಟ್ಟ. "ಚಳಿಗಾಲದಲ್ಲಿ ಒಬ್ಬ ಬಾಡಿಗೆಗೆ ಅಂತ ಮನೆ ನೋಡೋಕೆ ಬಂದಿದ್ನಂತೆ. ನಾನು ಊರಿಗೆ ಹೋಗಿದ್ದೆ. ನನ್ನ ಹೆಂಡ್ತಿ ಶಲಬಿಯಾ ಬಾಗಿಲು ತೆಗೆದು ತೋರಿಸಿದ್ಳು. ಅವನು ಫೋನಲ್ಲಿ ಎಲ್ಲ ಹಿಡಕೊಂಡ. ಚಹಾಕ್ಕೆ ಅಂತ ಏನೋ ಕೊಟ್ಟ. ಮದಾಮ್‌ಗೆ ಹೇಳಿರಲಿಲ್ಲ ಪಾಷಾ. ಕೆಲಸ ಹೋಗುತ್ತೆ ಅಂತ ನಿನ್ನೆ ಮುಚ್ಚಿಟ್ಟೆ."

"ಶಲಬಿಯಾ ಎಲ್ಲಿ?" ಎಂದರು ಇನ್ಸ್‌ಪೆಕ್ಟರ್.

"ಮಗಳ ಬಾಣಂತನಕ್ಕೆ ಸೊಹಾಗ್‌ಗೆ ಹೋಗಿದಾಳೆ."

"ಅದು ಆಮೇಲೆ. ನಿನ್ನೆ ಬಂದ ಆ ಹಳೇ ಪಿಕಪ್ಪು, ಹಿಂದೆ ಮಗುವಿನ ಬೂಟು ಇತ್ತಲ್ಲ, ನೋಡಿದೀಯಾ ಎಲ್ಲಾದರೂ?"

"ನೋಡದೇ ಏನು! ನನ್ನ ಕುತ್ತಿಗೆ ಬಿಟ್ಟಿದ್ರೆ ನಿನ್ನೆಯೇ ಹೇಳ್ತಿದ್ದೆ. ಅಸಾಫ್ರಾದ ಹಾಜಿ ಝಗ್ಲೂಲ್ ಗುಜರಿ ಗಾಡಿ ಅದು. ಮದಾಮ್ ಸುಹೈರ್ ಅವರ ಹಳೇ ಸ್ಟೌವ್ ಅವನಿಗೇ ಹಾಕಿದ್ದು."

* * *

ಹಾಜಿ ಝಗ್ಲೂಲನ ಗುಜರಿ ಅಂಗಳ ರೈಲು ಹಳಿಯ ಆಚೆ ಇತ್ತು. ಮುರಿದ ಕುರ್ಚಿ, ತುಕ್ಕು ಹಿಡಿದ ಗೀಸರು, ಬಾಗಿಲಿಲ್ಲದ ಫ್ರಿಜ್ಜುಗಳ ಸಾಲು. ಆ ಸಾಲನ್ನು ಕಂಡು ಇಷ್ಟು ಗಾಬರಿಯಲ್ಲೂ ಹಿಶಾಮನ ಕೈ ತುರಿಸಿತು. ಬೇಲಿಯ ಮೇಲೆ ಒಂದು ಹುಂಜ. ನಡುವೆ ಆ ಪಿಕಪ್. ಟಾರ್ಪಾಲು ತೆಗೆದಿತ್ತು. ಒಳಗೆ ಒಂದು ಕಾಲು ಮುರಿದ ಮಂಚ, ಹತ್ತಿ ಹೊರಚೆಲ್ಲಿದ ಹಾಸಿಗೆ, ಕನ್ನಡಿ ಒಡೆದ ಕಪಾಟು.

"ನಿನ್ನೆ ಈ ಗಾಡಿ ಯಾರು ತಗೊಂಡು ಹೋಗಿದ್ರು ಹಾಜಿ?" ಎಂದರು ಇನ್ಸ್‌ಪೆಕ್ಟರ್.

"ಮೇಲಿನ ಕೋಣೆ ಹುಡುಗ. ಬಾಡಿಗೆಗಿದಾನೆ. ಏನೋ ಮದುವೆ ಮೆರವಣಿಗೆ ಅಂದ. ಅದರಲ್ಲಿ ಗುಜರಿ ತುಂಬಿದೆಯಲ್ಲೋ ಅಂದೆ. ಇರಲಿ, ಮುಚ್ಚಿಬಿಡ್ತೀನಿ ಅಂದ. ಇಂಥ ಸಾಮಾನು ಕಂಡ್ರೆ ಮದುಮಗಳು ಸಮುದ್ರಕ್ಕೆ ಹಾರ್ತಾಳೆ ಅಂತ ನಕ್ಕೆ ನಾನು."

ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ವಾಇಲ್ ಇಳಿದು ಬಂದ. ಅದೇ ಬಿಳಿ ಅಂಗಿ. ಎಲ್ಲರನ್ನೂ ನೋಡಿ ಅರೆಗಳಿಗೆ ನಿಂತ. ಆಮೇಲೆ ಅವನ ಮುಖ ಸಪ್ಪಗಾಯಿತು.

"ಹೌದಣ್ಣಾ, ನಾನು ಬಡವ. ನನ್ನ ಮದುಮಗಳ ಸಾಮಾನು ಹಳೇದು. ನಾಚಿಕೆಗೆ ಟಾರ್ಪಾಲು ಮುಚ್ಚಿದ್ದೆ. ಬಡತನಕ್ಕೂ ಕೇಸು ಹಾಕ್ತೀರಾ ಪಾಷಾ?"

ಚಿಕ್ಕಮ್ಮನ ಕಣ್ಣು ಒದ್ದೆಯಾಯಿತು. ಹಿಶಾಮ್ ಕೂಡ ಅಳುಕಿದ. ಅವನ ತಾಯಿಯ ಬರಿಗೈ ಅವನಿಗೆ ನೆನಪಾಗಿರಬೇಕು.

ರಬಾಬ್ ಮುಂದೆ ಬಂದಳು. ಕಣ್ಣು ನೆಲದ ಮೇಲೆಯೇ ಇತ್ತು.

"ನಿಮ್ಮ ಕೀಲಿ ಎಲ್ಲಿ?"

"ಕೀಲಿ?"

"ನನಗೂ ಇಂಥದ್ದೇ ಕಳಿಸಿದ್ದ ಅಂದ್ರಲ್ಲ. ಎಲ್ಲಿ?"

"ಸಿಟ್ಟಿಗೆ ಸಮುದ್ರಕ್ಕೆ ಎಸೆದೆ."

"ಎಸೆಯೋ ಮುಂಚೆ ಒಂದು ಸಲನಾದ್ರೂ ಹಾಕಿ ನೋಡಿದ್ರಾ?" ಈಗ ಅವಳು ತಲೆಯೆತ್ತಿದಳು. "ಬಾಗಿಲವರೆಗೂ ಬಂದ್ರಿ. ನಮ್ಮ ಕೀಲಿ ತಿರುಗಲ್ಲ ಅಂತ ನೋಡಿದ್ರಿ. ನಿಮ್ಮದು ತಿರುಗಬಹುದಿತ್ತಲ್ಲ? ಮನೆ ನಿಮ್ಮದೇ ಆಗಿರಬಹುದಿತ್ತಲ್ಲ? ಎಲ್ಲಾ ಕೊಟ್ಟು ಮನೆ ಕೊಂಡವನು ಜೇಬಿಗೆ ಕೈ ಹಾಕದೇ ಇರ್ತಾನಾ? ಹಿಶಾಮ್ ನಿಂತಲ್ಲೇ ಹತ್ತು ಸಲ ಹಾಕಿದ್ರು. ನೀವು ಒಂದು ಸಲವೂ ಹಾಕಲಿಲ್ಲ. ತಿರುಗಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ಇದೊಂದು ಸಾಕ್ಷಿನಾ ಪಾಷಾ? ಹುಡುಗಿಯ ಕಲ್ಪನೆ!"

"ಹಾಜಿ," ಎಂದಳು ರಬಾಬ್, "ನಿಮ್ಮ ಧ್ವನಿವರ್ಧಕ ಹಾಕ್ತೀರಾ?"

ಝಗ್ಲೂಲ್ ಗುಂಡಿ ಒತ್ತಿದ. "ಬೀಕ್ಯಾ! ಬೀಕ್ಯಾ!" ಎಂದು ಅಂಗಳ ನಡುಗಿತು. ನಡುವೆ ಹುಂಜದ ಕೂಗು. ಬೇಲಿಯ ಮೇಲಿದ್ದ ಹುಂಜ ಅಲ್ಲಾಡಲಿಲ್ಲ. ಕೂಗಿದ್ದು ಧ್ವನಿವರ್ಧಕ.

"ಮುದ್ರಿಸುವಾಗ ಆ ಶನಿ ಮಧ್ಯೆ ಬಾಯಿ ಹಾಕಿತು," ಎಂದ ಝಗ್ಲೂಲ್. "ಜನ ಅದರಿಂದಲೇ ನನ್ನ ಗಾಡಿ ಗುರುತು ಹಿಡೀತಾರೆ ಅಂತ ಹಾಗೇ ಬಿಟ್ಟೆ. ದಿನಾ ಹೊರಡೋ ಮುಂಚೆ ಇಲ್ಲೇ ಹಾಕಿ ನೋಡ್ತೀನಿ."

ರಬಾಬ್ ತನ್ನ ಫೋನಿನ ಸಂದೇಶ ಒತ್ತಿದಳು. ಇಂಜಿನಿಯರ್ ಶೆರೀಫ್ ಕುವೈತಿನಿಂದ ಶುಭ ಕೋರಿದ. ಅವನ ಬೆನ್ನ ಹಿಂದೆ "ಬೀಕ್ಯಾ! ಬೀಕ್ಯಾ!" ಮತ್ತು ಅದೇ ಹುಂಜ.

ವಾಇಲ್ ಗೇಟಿನ ಕಡೆ ನೋಡಿದ. ಅಲ್ಲಿ ಪೇದೆ ನಿಂತಿದ್ದ.

ಮೇಲಿನ ಕೋಣೆಯಲ್ಲಿ ಮಂಚದ ಕಾಲಿಗೆ ಒಂದು ತಂತಿ ಸುತ್ತಿತ್ತು. ಅದರ ತುಂಬ ಹೊಳೆಯುವ ಹೊಸ ಕೀಲಿಗಳು. ಎಲ್ಲ ಒಂದೇ ಥರ. ಹಿಶಾಮ್ ತನ್ನದನ್ನು ಪಕ್ಕಕ್ಕಿಟ್ಟು ನೋಡಿದ. ಅಕ್ಕತಂಗಿಯರಂತಿದ್ದವು.

"ಒಂದು ಮಾತ್ರ ತಿಳೀಲಿಲ್ಲ," ಎಂದಳು ಚಿಕ್ಕಮ್ಮ. "ಕದ್ದವನು ಬಾಯಿ ಮುಚ್ಚಿಕೊಂಡು ಕೂರೋದು ಬಿಟ್ಟು ಯಾಕೆ ಬಂದ ಹಾಳಾದವನು?"

"ಎರಡನೇ ಸಲ ದೋಚೋಕೆ," ಎಂದರು ಇನ್ಸ್‌ಪೆಕ್ಟರ್. "ಸಾಮಾನು ತರೋ ದಿನ ನೀವೇ ಹೇಳಿದ್ರಿ. ಅವತ್ತು ನೀವು ನೇರ ಠಾಣೆಗೆ ಬಂದಿದ್ರೆ ಅವನ ಆಟ ಮುಗೀತಿತ್ತು. ಅದಕ್ಕೇ ಶೆರೀಫನ ದಪ್ಪ ದನಿ ಬಿಟ್ಟು, ನಿಮ್ಮಂತೆ ಮೋಸ ಹೋದವನಾಗಿ ಬಂದ. ಅಳುವವನನ್ನ ಯಾರೂ ಅನುಮಾನಿಸಲ್ಲ. ಕಾವಲುಗಾರನ ಮೇಲೆ ನಿಮ್ಮನ್ನ ಛೂ ಬಿಟ್ಟ. ಪೊಲೀಸಿನಿಂದ ದೂರ ಇಟ್ಟ. ವಕೀಲನ ಹೆಸರಲ್ಲಿ ಉಳಿದದ್ದನ್ನೂ ಕೇಳಿದ. ಹೋದ ಹಣ ತರಿಸಿಕೊಡ್ತೀನಿ ಅಂತ ಮುಂಗಡ ಕೇಳೋನು ಕಳ್ಳನೇ ಆಗಿರ್ತಾನೆ, ಇಲ್ಲಾ ಕಳ್ಳನ ತಮ್ಮ." ಅವರು ರಬಾಬಳ ಕಡೆ ತಿರುಗಿದರು. "ನಿನಗೆ ಮೊದಲ ಅನುಮಾನ ಬಂದದ್ದು ಯಾವಾಗಮ್ಮಾ?"

"ಟಾರ್ಪಾಲು ನೋಡಿದಾಗ," ಎಂದಳು ರಬಾಬ್. "ಅನುಮಾನ ಅಂತ ಆಗ ಗೊತ್ತಾಗಲಿಲ್ಲ. ಮದುಮಗಳ ಸಾಮಾನು ಬೀದಿಗೆಲ್ಲ ತೋರಿಸಿಕೊಂಡು ಹೋಗೋದೇ ಜನ ನೋಡಲಿ ಅಂತ. ಕಣ್ಣಿಗೆ ಹೆದರೋರು ನೀಲಿ ಮಣಿ ಕಟ್ತಾರೆ. ಮುಚ್ಚಿಕೊಂಡು ಯಾರೂ ಹೋಗಲ್ಲ. ಜೊತೆಗೆ ಒಬ್ಬ ಹೆಂಗಸೂ ಇರಲಿಲ್ಲ. ಯಾವ ತಾಯಿ ಮಗಳ ಹಾಸಿಗೆಯನ್ನ ಗಂಡಸೊಬ್ಬನ ಕೈಗೆ ಕೊಟ್ಟು ಕಳಿಸ್ತಾಳೆ?"

ಸೊಹಾಗಿನಿಂದ ಶಲಬಿಯಾ ವಿಡಿಯೋ ಕರೆಯಲ್ಲಿ ವಾಇಲನ ಮುಖ ನೋಡಿ ಕಿರುಚಿದಳು. "ಇವನೇ! ಚಹಾಕ್ಕೆ ಅಂತ ಇವನು ಕೊಟ್ಟ ನೋಟು ಹರಿದಿತ್ತು!"

* * *

ಹಣ ಪೂರ್ತಿ ಸಿಗಲಿಲ್ಲ. ಸಿಕ್ಕಿದ್ದನ್ನು ನ್ಯಾಯಾಲಯ ಹೇಳಿದಾಗ ಕೊಡುತ್ತೇವೆ ಎಂದರು. ಗುರುವಾರ ಅದಕ್ಕೆ ಕಾಯುವಂತಿರಲಿಲ್ಲ.

ದಾರಿ ತೋರಿಸಿದವನು ಮಹ್ರೂಸ್. ಬೇಸಿಗೆಯವರು ಹೋದ ಮೇಲೆ ಸಮುದ್ರದ ಕಡೆಯ ಮನೆಗಳು ಜೂನ್‌ವರೆಗೆ ಖಾಲಿ. ಬಾಡಿಗೆ ಅರ್ಧಕ್ಕಿಂತ ಕಡಿಮೆ. ಅದೇ ಮನೆಯನ್ನು ಬಾಡಿಗೆಗೆ ಕೊಡಲು ಮದಾಮ್ ಸುಹೈರ್ ಕೈರೋದಿಂದ ತಾವೇ ಬಂದರು. ಅಪ್ಪ ಅವರ ಗುರುತಿನ ಚೀಟಿ ನೋಡಿದರು, ಮನೆ ಪತ್ರ ನೋಡಿದರು, ಕರೆಂಟ್ ಬಿಲ್ಲು ನೋಡಿದರು. ನೋಂದಣಿ ಕಚೇರಿಗೂ ಹೋಗಿ ಬಂದರು. ಬಾಗಿಲಿಗೆ ಕೀಲಿ ಹಾಕಿ ತಾವೇ ತಿರುಗಿಸಿ ತಿರುಗಿಸಿ ನೋಡಿದರು.

"ಸಾಕು ಬಿಡೋ ಭಾವಾ, ಬೀಗ ಸವೀತು," ಎಂದಳು ಚಿಕ್ಕಮ್ಮ.

ಅಪ್ಪ ಹಿಶಾಮನ ಮುಖ ನೋಡದೆ ಹೇಳಿದರು. "ಬಾಡಿಗೆ ಮನೆಯೂ ಮನೆಯೇ."

ಅವರು ಬೇಡಿದ ಕ್ಷಮೆ ಅಷ್ಟೇ. ಹಿಶಾಮ್ ಅಷ್ಟಕ್ಕೇ ಅವರ ಕೈ ಹಿಡಿದುಕೊಂಡ.

ಮಹ್ರೂಸ್ ಕೆಮ್ಮಿದ. "ಎಲ್ಲ ಸರಿ. ನನ್ನ ದಲ್ಲಾಳಿ ಹಣ?"

ಅಪ್ಪ ಜೇಬಿಗೆ ಕೈ ಹಾಕಿದರು. ಬೀದಿಯಲ್ಲಿ ಆಗಲೇ ಮೂರು ಗಾಡಿಗಳ ಹಾರ್ನು ಮೊಳಗುತ್ತಿತ್ತು.

ಮದುವೆಯಾಗಿ ಕೆಲವು ದಿನ ಕಳೆದಿರಬಹುದು. ಹಿಶಾಮನಿಗೆ ಕೆಲಸದ ಜಾಗದಿಂದ ದನಿ ಸಂದೇಶ ಬಂದಿತ್ತು. ಊಟ ಮಾಡುತ್ತ ಹಾಕಿ ಕೇಳುತ್ತಿದ್ದ. ಎಲ್ಲೋ "ಬೀಕ್ಯಾ!" ಎಂಬ ಕೂಗು ಎದ್ದಿತು. ರಬಾಬ್ ತುತ್ತು ಬಿಟ್ಟು ಎದ್ದಳು. ಬಾಲ್ಕನಿಗೆ ಓಡಿದಳು. ಕಟಕಟೆ ಹಿಡಿದು ಬಗ್ಗಿ ನೋಡಿದಳು.

ಕೆಳಗೆ ಗಾಡಿ ಇತ್ತು. ಮಹ್ರೂಸ್ ಅದರವನ ಜೊತೆ ಹಳೇ ಬಕೆಟ್ಟೊಂದಕ್ಕೆ ಜಗಳವಾಡುತ್ತಿದ್ದ.

"ಏನೇ ಅದು?" ಎಂದ ಹಿಶಾಮ್ ಒಳಗಿನಿಂದ.

"ಏನಿಲ್ಲ," ಎಂದಳು ರಬಾಬ್. "ನಮ್ಮ ಬೀದಿಯದೇ."